ಮನೆ ಮುಂದಿನ ಹುಲ್ಲುಹಾಸಿಗೆ ಬದಲಾಗಿ ಹೂವು ಮತ್ತು ಗಿಡಮೂಲಿಕೆಗಳ ಕೈತೋಟ

ಒಂದು ಕಾಲಕ್ಕೆ ಪಟ್ಟಣದ ಬಂಗಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಹುಲ್ಲುಹಾಸು ಈಗ ಹಳ್ಳಿಗಳಿಗೂ ಬಂದಿದೆ. ತೋಟದಲ್ಲಿ ಹೊಸ ಮನೆ ಕಟ್ಟಿಸಿದವರು ಬಾಗಿಲ ಮುಂದೆ ಒಂದು ಗುಂಟೆಯಷ್ಟು ಜಾಗಕ್ಕೆ ಹುಲ್ಲು ಹಾಸಿಸುತ್ತಾರೆ. ಸಹಕಾರ ಸಂಘ, ಶಾಲೆ, ಕಚೇರಿಗಳ ಮುಂದೆಯೂ ಇದೇ ಪದ್ಧತಿ ನಡೆದಿದೆ. ಮಳೆಗಾಲದ ನಾಲ್ಕು ತಿಂಗಳು ಇದು ಕಣ್ಣಿಗೆ ತಂಪಾಗಿರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಇದನ್ನು ಹಸಿರಾಗಿ ಉಳಿಸಿಕೊಳ್ಳುವ ಕಷ್ಟ ಶುರುವಾಗುತ್ತದೆ. ಬಯಲುಸೀಮೆಯ ಅನೇಕರು ಈ ಹುಲ್ಲನ್ನು ತೆಗೆದು ಬೇರೆ ಏನು ಮಾಡಬಹುದೆಂದು ಕೇಳುತ್ತಿದ್ದಾರೆ. ಪೂಜೆಗೆ, ಮುಡಿಗೆ, ಅಡುಗೆಗೆ ಮತ್ತು ಸಣ್ಣಪುಟ್ಟ ಮನೆಮದ್ದಿಗೆ ಒದಗುವ ಗಿಡಗಳನ್ನು ಅದೇ ಜಾಗದಲ್ಲಿ ಬೆಳೆಯಬಹುದು. ಆದರೆ ಹುಲ್ಲು ಕಿತ್ತು ಗಿಡ ನೆಟ್ಟರೆ ಸಾಲದು. ಹುಲ್ಲನ್ನು ತೆಗೆಯುವ ರೀತಿ ತಪ್ಪಿದರೆ ಎರಡನೆಯ ಮಳೆಗಾಲಕ್ಕೆ ಗಿಡಗಳು ಹುಲ್ಲಿನ ನಡುವೆ ಹುಡುಕಬೇಕಾದ ಸ್ಥಿತಿಗೆ ಬರುತ್ತವೆ. ಆದ್ದರಿಂದ ಈ ಲೇಖನದಲ್ಲಿ ಹುಲ್ಲು ತೆಗೆಯುವ ಕೆಲಸಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ನೀರಿನ ಲೆಕ್ಕ

ಹುಲ್ಲುಹಾಸು ಚಳಿ, ಮೋಡ ಮತ್ತು ಜಿಟಿಜಿಟಿ ಮಳೆಯ ಇಂಗ್ಲೆಂಡಿನಂತಹ ದೇಶಗಳ ಪದ್ಧತಿ. ಅಲ್ಲಿ ಆಕಾಶವೇ ನೀರು ಕೊಡುತ್ತದೆ. ದಂಡುಪ್ರದೇಶದ ಬಂಗಲೆಗಳ ಜೊತೆ ಅದು ನಮ್ಮಲ್ಲಿಗೆ ಬಂತು. ನಮ್ಮ ಮನೆಗಳ ಮುಂದೆ ಇದ್ದುದು ಸಾರಿಸಿದ ಅಂಗಳ, ತುಳಸಿಕಟ್ಟೆ, ಬೇಲಿಯಂಚಿನಲ್ಲಿ ದಾಸವಾಳ ಮತ್ತು ಮಲ್ಲಿಗೆ. ಅಂಗಳಕ್ಕೆ ನೀರು ಚಿಮುಕಿಸುವುದಿತ್ತೇ ಹೊರತು ನೀರು ಹಾಯಿಸುವುದಿರಲಿಲ್ಲ.

ಬಯಲುಸೀಮೆಯ ಬೇಸಿಗೆಯಲ್ಲಿ ಹಸಿರು ಹುಲ್ಲಿನಿಂದ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗಿ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಇದು 5 ಲೀಟರ್. ಒಂದು ಗುಂಟೆ ಎಂದರೆ ಹೆಚ್ಚುಕಡಿಮೆ 100 ಚದರ ಮೀಟರ್. ಅಂದರೆ ಒಂದು ಗುಂಟೆ ಹುಲ್ಲುಹಾಸಿಗೆ ದಿನಕ್ಕೆ 500 ಲೀಟರ್ ನೀರು ಬೇಕು. ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಗಳಿಗೆ 60,000 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿ ಇಟ್ಟುಕೊಂಡಿದೆ. ಈ ಅಳತೆಯಲ್ಲಿ ನೋಡಿದರೆ ಒಂದು ಗುಂಟೆ ಹುಲ್ಲು ಒಂಬತ್ತು ಜನರ ಪಾಲಿನ ನೀರನ್ನು ಕುಡಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ, 2024ರ ಮಾರ್ಚ್‌ನಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಮತ್ತು ವಾಹನ ತೊಳೆಯಲು ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವ ಆಜ್ಞೆ ಹೊರಡಿಸಿತು. ಹಳ್ಳಿಯಲ್ಲಿ ದಂಡ ಹಾಕುವವರಿಲ್ಲ ನಿಜ. ಆದರೆ ಕೊಳವೆಬಾವಿ ಬತ್ತಿದಾಗ ಮೊದಲು ನೀರಿಲ್ಲದಂತಾಗುವುದು ಕೊಟ್ಟಿಗೆಯ ದನಗಳಿಗೆ.

ಇದೇ ಒಂದು ಗುಂಟೆಯನ್ನು ಬೇರೆ ರೀತಿ ವಿಂಗಡಿಸಿ ನೋಡೋಣ. 30 ಚದರ ಮೀಟರ್ ಅಂಗಳಕ್ಕೆ ಮತ್ತು ನಡೆದಾಡುವ ದಾರಿಗೆ, 40 ಚದರ ಮೀಟರ್ ಪೊದೆ ಜಾತಿಯ 20 ಹೂಗಿಡಗಳಿಗೆ, ಉಳಿದ 30 ಚದರ ಮೀಟರ್ ಸಣ್ಣ ಹೂ ಮತ್ತು ಸೊಪ್ಪಿನ ಮಡಿಗಳಿಗೆ. ಬುಡಕ್ಕೆ ಹೊದಿಕೆ ಹಾಕಿದ ಪೊದೆಗಿಡಕ್ಕೆ ವಾರಕ್ಕೆ ಎರಡು ಬಾರಿ 10 ಲೀಟರಿನಂತೆ ಕೊಟ್ಟರೆ 400 ಲೀಟರ್. ಮಡಿಗಳಿಗೆ ವಾರಕ್ಕೆ ಮೂರು ಬಾರಿ ಚದರ ಮೀಟರಿಗೆ 4 ಲೀಟರಿನಂತೆ ಕೊಟ್ಟರೆ 360 ಲೀಟರ್. ಒಟ್ಟು ವಾರಕ್ಕೆ 760 ಲೀಟರ್. ಹುಲ್ಲುಹಾಸಿಗೆ ವಾರಕ್ಕೆ ಬೇಕಾದುದು 3,500 ಲೀಟರ್. ಮಣ್ಣು, ಗಾಳಿ, ಬಿಸಿಲಿಗೆ ತಕ್ಕಂತೆ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾದರೂ ನಾಲ್ಕನೆಯ ಒಂದು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನೀರು ಉಳಿಯುತ್ತದೆ, ಕೈಕೆಲಸ ಉಳಿಯುವುದಿಲ್ಲ. ಹುಲ್ಲನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ಮುಗಿಯಿತು. ಹೂವನ್ನು ದಿನವೂ ಬಿಡಿಸಬೇಕು, ಮೊದಲ ಮಳೆಗಾಲದಲ್ಲಿ ಕಳೆಯನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಮನೆಯಲ್ಲಿ ಹೂ ಬಿಡಿಸುವವರೇ ಇಲ್ಲದಿದ್ದರೆ ಮಡಿಗಳನ್ನು ಕಡಿಮೆ ಮಾಡಿ ನಂದಿಬಟ್ಟಲು, ದಾಸವಾಳ, ಸ್ಫಟಿಕದಂತಹ ಪೊದೆಗಿಡಗಳನ್ನೇ ಹೆಚ್ಚಿಗೆ ಹಾಕುವುದು ಲೇಸು.

ಹುಲ್ಲನ್ನು ತೆಗೆಯುವುದು

ಮೊದಲು ನಿಮ್ಮ ಅಂಗಳದಲ್ಲಿರುವ ಹುಲ್ಲು ಯಾವುದೆಂದು ತಿಳಿದುಕೊಳ್ಳಿ. ಕೊರಿಯನ್ ಹುಲ್ಲು ಎಂದು ಕರೆಯುವ ಸೂಜಿಯಂತಹ ಒತ್ತು ಹುಲ್ಲು ನಿಧಾನವಾಗಿ ಹಬ್ಬುತ್ತದೆ. ಅದರ ಬೇರು ಮೇಲ್ಮಣ್ಣಿನಲ್ಲೇ ಹೆಚ್ಚಾಗಿರುವುದರಿಂದ ಸನಿಕೆಯಿಂದ ಚಾಪೆಯ ಹಾಗೆ ಸುಲಿದು ತೆಗೆಯಬಹುದು. ಬರ್ಮುಡಾ ಎಂಬ ಹೆಸರಿನಲ್ಲಿ ಮಾರುವ ಹುಲ್ಲು ನಮ್ಮ ಹೊಲದ ಗರಿಕೆಯದೇ ಜಾತಿ. ರೈತರಿಗೆ ಇದರ ಗುಣ ವಿವರಿಸಿ ಹೇಳಬೇಕಾಗಿಲ್ಲ. ನೆಲದ ಮೇಲೆ ಹರಿಯುವ ಬಳ್ಳಿ ಒಂದಾದರೆ ನೆಲದೊಳಗೆ ಹರಿಯುವ ಬಿಳಿಯ ಕಾಂಡ ಇನ್ನೊಂದು. ಒಳಗಿನ ಕಾಂಡದ ಒಂದೊಂದು ಗೆಣ್ಣಿಗೂ ಒಂದೊಂದು ಹೊಸ ಗಿಡವಾಗುವ ಶಕ್ತಿಯಿದೆ.

ಈ ಕಾರಣದಿಂದಲೇ ಗರಿಕೆ ಇರುವ ಜಾಗಕ್ಕೆ ರೋಟವೇಟರ್ ಅಥವಾ ಪವರ್ ಟಿಲ್ಲರ್ ಹಾಕಕೂಡದು. ಅರ್ಧ ಗಂಟೆಯಲ್ಲಿ ಕೆಲಸ ಮುಗಿದು ನೆಲ ಹಿಟ್ಟಿನಂತಾಗುತ್ತದೆ, ನೋಡಲು ಸೊಗಸಾಗಿರುತ್ತದೆ. ಆದರೆ ಒಂದು ಕಾಂಡ ಹತ್ತು ತುಂಡಾಗಿ ಹತ್ತು ಕಡೆ ಬಿತ್ತಿದಂತಾಗುತ್ತದೆ. ಒಂದೇ ಮಳೆಗೆ ಎಲ್ಲವೂ ಚಿಗುರುತ್ತವೆ. ಇಲ್ಲಿ ಗುದ್ದಲಿ ಮತ್ತು ಮುಳ್ಳುಗುದ್ದಲಿಯ ಕೆಲಸವೇ ಸರಿ.

ಕೆಲಸಕ್ಕೆ ತಕ್ಕ ಕಾಲ ಮಾರ್ಚ್ ಮತ್ತು ಏಪ್ರಿಲ್. ಹುಲ್ಲಿಗೆ ಎರಡು ವಾರ ಮೊದಲೇ ನೀರು ನಿಲ್ಲಿಸಿ. ಅಗೆಯುವ ಹಿಂದಿನ ದಿನ ಮಾತ್ರ ನೆಲ ಸಡಿಲವಾಗುವಷ್ಟು ನೀರು ಕೊಡಿ. ಮೇಲಿನ ಹುಲ್ಲನ್ನು ಮೊದಲು ಸುಲಿದು ತೆಗೆದು, ನಂತರ 25ರಿಂದ 30 ಸೆಂ.ಮೀ. ಆಳಕ್ಕೆ ಅಗೆದು ಹೆಂಟೆಗಳನ್ನು ಬೋರಲು ಹಾಕಿ. ಹೆಂಟೆ ಒಡೆಯುವ ಆತುರ ಬೇಡ. ಮಾಗಿ ಉಳುಮೆ ಮಾಡಿದ ಹೊಲದ ಹಾಗೆ ಬಿಸಿಲಿಗೆ ಬಿಟ್ಟು ನಾಲ್ಕೈದು ದಿನಕ್ಕೊಮ್ಮೆ ಮಗುಚಿ ಹಾಕುತ್ತಿದ್ದರೆ, ಎರಡು ಮೂರು ವಾರಗಳಲ್ಲಿ ಕಾಂಡಗಳು ಒಣಗಿ, ಕೈಯಲ್ಲಿ ಮುರಿದರೆ ಲಟಕ್ಕನೆ ಮುರಿಯುವ ಹದಕ್ಕೆ ಬರುತ್ತವೆ. ಆಗ ಹೆಂಟೆ ಒಡೆದು, ಕುಂಟೆಯಿಂದ ಬಾಚಿ, ಕಾಂಡಗಳನ್ನು ಆರಿಸಿ ತೆಗೆಯಿರಿ. ಬಾಗಿದರೂ ಮುರಿಯದ ಕಾಂಡ ಇನ್ನೂ ಜೀವಂತವಿದೆ ಎಂದು ತಿಳಿಯಬೇಕು. ಅಂತಹುದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆಗೇ ಮರಳಿ ತೋಟಕ್ಕೆ ಬರುತ್ತದೆ. ಸಿಮೆಂಟ್ ನೆಲದ ಮೇಲೆ ಹರಡಿ ಪೂರ್ತಿ ಒಣಗಿಸಿಯೇ ಗುಂಡಿಗೆ ಸೇರಿಸಿ.

ಬೇಸಿಗೆ ಕೈಯಲ್ಲಿದ್ದರೆ ಇನ್ನೊಂದು ಹೆಜ್ಜೆ ಮುಂದುವರಿಯಬಹುದು. ಹುಲ್ಲು ತೆಗೆದು ಸಮ ಮಾಡಿದ ನೆಲಕ್ಕೆ ಚೆನ್ನಾಗಿ ನೀರುಣಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಹಾಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ನಾಲ್ಕರಿಂದ ಆರು ವಾರ ಹಾಗೆಯೇ ಬಿಟ್ಟರೆ ಮೇಲ್ಮಣ್ಣು ಕಾದು ಕಳೆಬೀಜಗಳೂ ಅನೇಕ ರೋಗಾಣುಗಳೂ ಸಾಯುತ್ತವೆ. ಹಾಳೆ ಕಪ್ಪಾಗಿರಬೇಕೆಂದು ಹಲವರು ತಿಳಿದಿದ್ದಾರೆ. ಬಿಸಿಲಿನ ಶಾಖವನ್ನು ನೆಲಕ್ಕೆ ಬಿಡುವುದು ಪಾರದರ್ಶಕ ಹಾಳೆ. ಕಪ್ಪು ಹಾಳೆಯಡಿ ಬೆಳಕಿಲ್ಲದೆ ಕಳೆ ಸೊರಗುತ್ತದೆಯೇ ಹೊರತು ನೆಲ ಅಷ್ಟು ಕಾಯುವುದಿಲ್ಲ. ತುಂಗೆಗಡ್ಡೆ ಅಥವಾ ಜೇಕು ಇರುವ ಕಡೆ ಈ ಎರಡನ್ನೂ ನಂಬುವಂತಿಲ್ಲ. ಅದರ ಗಡ್ಡೆ ಆಳದಲ್ಲಿರುತ್ತದೆ, ಮೊಳಕೆ ತೆಳು ಹಾಳೆಯನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ. ಅದನ್ನು ಗಡ್ಡೆ ಸಮೇತ ಅಗೆದೇ ತೆಗೆಯಬೇಕು, ಒಂದು ಸಲಕ್ಕೆ ಮುಗಿಯುವ ಕೆಲಸವೂ ಅದಲ್ಲ.

ಹಳೆಯ ರಟ್ಟು, ವೃತ್ತಪತ್ರಿಕೆಗಳನ್ನು ಹುಲ್ಲಿನ ಮೇಲೆ ದಪ್ಪಗೆ ಹಾಸಿ, ಮೇಲೆ ತರಗೆಲೆ ಮುಚ್ಚಿ, ಅಗೆಯದೆಯೇ ಹುಲ್ಲು ಕೊಲ್ಲುವ ವಿಧಾನವೂ ಪ್ರಚಾರದಲ್ಲಿದೆ. ಕೊರಿಯನ್ ಹುಲ್ಲಿಗೆ ಮಳೆಗಾಲದಲ್ಲಿ ಇದು ನಡೆದೀತು. ಗರಿಕೆಗೆ ಸಾಲದು. ಅಲ್ಲದೆ ನಮ್ಮ ಕೆಂಪುಮಣ್ಣಿನಲ್ಲಿ ಒಣ ರಟ್ಟು ಹಾಸುವುದೆಂದರೆ ಗೆದ್ದಲಿಗೆ ಊಟ ಬಡಿಸಿದಂತೆ. ಬಾಗಿಲು ಕಿಟಕಿಗಳ ಮರ ಹತ್ತಿರವಿರುವ ಮನೆಯ ಮುಂದೆ ಈ ವಿಧಾನ ಬೇಡವೆಂಬುದೇ ನಮ್ಮ ಅಭಿಪ್ರಾಯ.

ಕಳೆನಾಶಕ ಸಿಂಪಡಿಸಬಹುದೇ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಮುಂದೆ ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುವ ಜಾಗವದು, ಮಕ್ಕಳು ಆಡುವ ಜಾಗವೂ ಅದೇ. ಒಂದು ಗುಂಟೆಗೆ ನಾಲ್ಕು ಆಳು ಸಾಕು.

ಎಷ್ಟು ಅಗೆದರೂ ಪಕ್ಕದ ಬದುವಿನಿಂದ ಗರಿಕೆ ತೆವಳಿ ಬರುತ್ತದೆ. ತಡೆಯಲು ತೋಟದ ಸುತ್ತ 20 ಸೆಂ.ಮೀ. ಆಳಕ್ಕೆ ಕಲ್ಲುಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಹೂಳಬೇಕು. ಕಲ್ಲು ಸಿಗದಿದ್ದರೆ ಅಷ್ಟೇ ಆಳದ ಕಿರುಗಾಲುವೆ ತೆಗೆದು ತಿಂಗಳಿಗೊಮ್ಮೆ ಕೆರೆಯಿರಿ. ಗಣೇಶನ ಹಬ್ಬಕ್ಕೆ ಬೇಕಾದಷ್ಟು ಗರಿಕೆ ಹೇಗೂ ಎಲ್ಲಾದರೂ ಉಳಿದೇ ಉಳಿಯುತ್ತದೆ, ಅದರ ಚಿಂತೆ ಬೇಡ.

ಒಮ್ಮೆಗೇ ಇಡೀ ಗುಂಟೆಯನ್ನು ಅಗೆಯಬೇಕಾಗಿಲ್ಲ. ಕೈಯಲ್ಲಿ ಆಳು ಕಡಿಮೆಯಿದ್ದರೆ ಮೊದಲ ಬೇಸಿಗೆಯಲ್ಲಿ ಅರ್ಧ, ಮುಂದಿನ ಬೇಸಿಗೆಯಲ್ಲಿ ಇನ್ನರ್ಧ ಮಾಡಬಹುದು. ಉಳಿದ ಅರ್ಧಕ್ಕೆ ಬೇಸಿಗೆಯಲ್ಲಿ ನೀರು ಕೊಡಬೇಡಿ. ಗರಿಕೆ ಜಾತಿಯ ಹುಲ್ಲು ಒಣಗಿದಂತೆ ಕಂಡರೂ ಸಾಯುವುದಿಲ್ಲ, ಮಳೆಗೆ ತಾನೇ ಹಸಿರಾಗುತ್ತದೆ.

ನೆಲ ಹದ ಮಾಡುವುದು ಮತ್ತು ಮೊದಲ ಬೆಳೆ

ಹುಲ್ಲುಹಾಸಿನಡಿಯ ಮಣ್ಣು ವರ್ಷಗಟ್ಟಲೆ ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿರುತ್ತದೆ. ಹೊಸ ಮನೆಗಳ ಮುಂದೆ ಹುಲ್ಲು ಹಾಸುವಾಗ ಕಟ್ಟಡದ ಗಾರೆ, ಇಟ್ಟಿಗೆ ಚೂರುಗಳ ಮೇಲೆಯೇ ಅರ್ಧ ಅಡಿ ಕೆಂಪುಮಣ್ಣು ಹರಡಿರುವುದೂ ಉಂಟು. ಅಗೆಯುವಾಗ ಇವನ್ನು ಆರಿಸಿ ತೆಗೆಯಿರಿ. ಚದರ ಮೀಟರಿಗೆ 5 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು 100 ಗ್ರಾಂ ಬೇವಿನ ಹಿಂಡಿ ಸೇರಿಸಿ ಮಣ್ಣಿನಲ್ಲಿ ಬೆರೆಸಿದರೆ ಸಾಕು.

ರೋಹಿಣಿ ಮಳೆ ಬಂದು ನೆಲ ತೊಯ್ದ ಮೇಲೆ, ಮಡಿಗಳ ಜಾಗಕ್ಕೆ ಮೊದಲ ಬೆಳೆಯಾಗಿ ಚೆಂಡುಹೂ ಹಾಕುವುದನ್ನು ಒತ್ತಿ ಹೇಳಲು ಎರಡು ಕಾರಣಗಳಿವೆ. ಒಂದು, ಅದು ಬೇಗ ಹರಡಿಕೊಂಡು ನೆಲಕ್ಕೆ ನೆರಳು ಮಾಡಿ ಉಳಿದ ಕಳೆಯನ್ನು ಅದುಮುತ್ತದೆ. ಆಯುಧಪೂಜೆಯ ಹೊತ್ತಿಗೆ ಹೂವೂ ಸಿಗುತ್ತದೆ. ಎರಡನೆಯದು ಹೆಚ್ಚು ಮುಖ್ಯ. ಕನಕಾಂಬರ ಹಾಕಿದ ಅನೇಕರಿಗೆ ಗಿಡ ಹಳದಿಯಾಗಿ ಕುಗ್ಗಿ ಹೋಗುವ ಅನುಭವವಿದೆ. ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳಿರುತ್ತವೆ. ಇದು ಬೇರುಗಂಟು ಜಂತುಹುಳುವಿನ ಬಾಧೆ. ಚೆಂಡುಹೂವಿನ ಬೇರಿನಲ್ಲಿರುವ ರಾಸಾಯನಿಕಕ್ಕೆ ಈ ಜಂತುಹುಳುವನ್ನು ಹತ್ತಿಕ್ಕುವ ಗುಣವಿದೆ. ಆದರೆ ಅಲ್ಲೊಂದು ಇಲ್ಲೊಂದು ಗಿಡ ನೆಟ್ಟರೆ ಪ್ರಯೋಜನ ಕಡಿಮೆ. ಮಡಿ ತುಂಬ ಒತ್ತಾಗಿ, ಎರಡು ಮೂರು ತಿಂಗಳು ನಿಲ್ಲುವಂತೆ ಬೆಳೆದು, ಹೂ ಮುಗಿದ ಮೇಲೆ ಗಿಡವನ್ನು ಅಲ್ಲಿಯೇ ಮಣ್ಣಿಗೆ ಸೇರಿಸಿ, ಆಮೇಲೆ ಕನಕಾಂಬರ ನೆಡುವುದು ಸರಿಯಾದ ಕ್ರಮ.

ಎಲ್ಲಿ ಯಾವ ಗಿಡ

ಮನೆ ಮುಂದಿನ ತೋಟಕ್ಕೂ ಹೊಲಕ್ಕೂ ಇರುವ ದೊಡ್ಡ ವ್ಯತ್ಯಾಸ ಮನೆಯ ನೆರಳು. ಉತ್ತರಕ್ಕೆ ಬಾಗಿಲಿರುವ ಮನೆಯನ್ನು ನೋಡಿ. ಬೆಂಗಳೂರು, ತುಮಕೂರು, ಹಾಸನದ ನೇರದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಆದ್ದರಿಂದ ಅಂಗಳಕ್ಕೆ ಪೂರ್ತಿ ಬಿಸಿಲು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ 4 ಮೀಟರ್ ಎತ್ತರದ ಮನೆಯ ನೆರಳು ನಡು ಮಧ್ಯಾಹ್ನದಲ್ಲೂ ಸುಮಾರು 3 ಮೀಟರ್ ದೂರಕ್ಕೆ ಬೀಳುತ್ತದೆ. ಜೂನ್‌ನಲ್ಲಿ ಬಿಸಿಲು ನೋಡಿ ಗೋಡೆಯ ಪಕ್ಕ ನೆಟ್ಟ ಸೇವಂತಿಗೆ, ಹೂ ಬಿಡಬೇಕಾದ ಕಾಲಕ್ಕೆ ನೆರಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಉತ್ತರ ಬಾಗಿಲಿನ ಮನೆಯವರು ಗೋಡೆಯಿಂದ 3 ಮೀಟರ್ ಒಳಗಿನ ಜಾಗವನ್ನು ಅರೆನೆರಳು ಸಹಿಸುವ ದೊಡ್ಡಪತ್ರೆ, ಒಂದೆಲಗ, ಪುದೀನ, ಪಚ್ಚೆತೆನೆಗಳಿಗೆ ಬಿಟ್ಟು, ಸೇವಂತಿಗೆ, ಗುಲಾಬಿ, ಮಲ್ಲಿಗೆಗಳನ್ನು ಆಚೆಗೆ ನೆಡಬೇಕು. ದಕ್ಷಿಣಕ್ಕೆ ಮುಖವಿರುವ ಮನೆಗೆ ಚಳಿಗಾಲದ ಬಿಸಿಲು ಧಾರಾಳ, ಸೇವಂತಿಗೆಗೆ ಅದೇ ಒಳ್ಳೆಯ ಜಾಗ. ಪಶ್ಚಿಮದ ಗೋಡೆಯ ಬಳಿಯ ಸಂಜೆ ಬಿಸಿಲಿಗೆ ಲೋಳೆಸರ, ಮಜ್ಜಿಗೆಹುಲ್ಲು ತಡೆಯುತ್ತವೆ.

ಸೇವಂತಿಗೆಯ ಬಗ್ಗೆ ಇನ್ನೊಂದು ಸೂಚನೆ. ಈ ಗಿಡ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತದೆ. ಬೀದಿದೀಪ ಅಥವಾ ಜಗುಲಿಯ ದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ಗಿಡ ಸೊಂಪಾಗಿ ಬೆಳೆದರೂ ಹೂ ತಡವಾಗುತ್ತದೆ, ಕೆಲವೊಮ್ಮೆ ಬಿಡುವುದೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೆಳೆಗಾರರು ಸೇವಂತಿಗೆ ಹೊಲದಲ್ಲಿ ರಾತ್ರಿ ಸಾಲು ಬಲ್ಬುಗಳನ್ನು ಉರಿಸುವುದು ಇದೇ ಗುಣವನ್ನು ಬಳಸಿಕೊಂಡು ಹೂವನ್ನು ಮುಂದೂಡಲಿಕ್ಕೆ. ಮನೆಯಂಗಳದಲ್ಲಿ ನಮಗೆ ಬೇಕಾದುದು ಅದಕ್ಕೆ ತದ್ವಿರುದ್ಧ. ಗೊಬ್ಬರ ಸಾಲದೆಂದು ಮತ್ತಷ್ಟು ಸುರಿಯುವ ಮೊದಲು ರಾತ್ರಿ ಎಂಟು ಗಂಟೆಗೆ ಒಮ್ಮೆ ಹೊರಗೆ ಬಂದು ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ. ಹೂ ಮುಗಿದ ನಂತರ ಬುಡದಿಂದ ಬರುವ ಕಂದುಗಳನ್ನು ಉಳಿಸಿಕೊಂಡು ಮೇ–ಜೂನ್‌ನಲ್ಲಿ ನೆಟ್ಟು, ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ.

ಮಲ್ಲಿಗೆ ಜಾತಿಗಳಲ್ಲಿ ಮೂರನ್ನು ಆರಿಸಿಕೊಂಡರೆ ವರ್ಷದ ಹೆಚ್ಚು ಕಾಲ ಮುಡಿಗೆ ಹೂ ಉಂಟು. ದುಂಡುಮಲ್ಲಿಗೆ ಬೇಸಿಗೆಯಲ್ಲಿ, ಜಾಜಿ ಮಳೆಗಾಲದಲ್ಲಿ ಹೂ ಬಿಡುತ್ತವೆ. ಕಾಕಡಕ್ಕೆ ಪರಿಮಳ ಕಡಿಮೆಯಾದರೂ ಉಳಿದವು ನಿಂತಾಗ ಕೈಹಿಡಿಯುತ್ತದೆ. ಮೈಸೂರು, ಉಡುಪಿ ಮತ್ತು ಹಡಗಲಿಯ ಮಲ್ಲಿಗೆಗಳು ಭೌಗೋಳಿಕ ಸೂಚಿ ಪಡೆದಿವೆ. ಆದರೆ ಬೇರೆ ಊರಿನ ಮಣ್ಣು, ಹವೆಯಲ್ಲಿ ಅದೇ ಪರಿಮಳ ಬರುತ್ತದೆಂದು ಖಾತರಿ ಕೊಡಲಾಗದು. ನೆರೆಯವರ ಮನೆಯಲ್ಲಿ ಚೆನ್ನಾಗಿ ಬಿಡುವ ಗಿಡದ ಕಡ್ಡಿ ತಂದು ನೆಡುವುದು ಕಡಿಮೆ ಖರ್ಚಿನ ದಾರಿ. ಸುಗಂಧರಾಜಕ್ಕೆ ಜಾಗವಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಪ್ರಜ್ವಲ್’ ತಳಿ ಹಾಕಬಹುದು. ಅದೇ ಸಂಸ್ಥೆ ಕನಕಾಂಬರದಲ್ಲೂ ತಳಿಗಳನ್ನು ಬಿಡುಗಡೆ ಮಾಡಿದೆ.

ಗಿಡಮೂಲಿಕೆಗಳಲ್ಲಿ ದಿನವೂ ಬಳಸುವಂತಹವನ್ನೇ ಹಾಕಿ. ತುಳಸಿಯ ಹೂತೆನೆಗಳನ್ನು ಚಿವುಟುತ್ತಿದ್ದರೆ ಎಲೆ ಚೆನ್ನಾಗಿ ಬರುತ್ತದೆ. ಆದರೂ ಒಂದೆರಡು ಗಿಡವನ್ನು ಹೂವಿಗೆ ಬಿಡುವುದು ಒಳ್ಳೆಯದು, ತುಡುವೆ ಜೇನು ಅದಕ್ಕೆ ಮುತ್ತುತ್ತದೆ. ಹಿತ್ತಲಲ್ಲಿ ಸೌತೆ, ಹೀರೆ, ಕುಂಬಳ ಇದ್ದರೆ ಅದರ ಲಾಭ ಅಲ್ಲಿ ಕಾಣುತ್ತದೆ. ದೊಡ್ಡಪತ್ರೆ ಕಡ್ಡಿ ಊರಿದರೆ ಬರುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಒಂದೆಲಗಕ್ಕೆ ತೇವ ಬೇಕು, ಕುಡಿಯುವ ನೀರಿನ ನಲ್ಲಿಯ ಬದಿ ಅದರ ಸ್ಥಳ. ಪುದೀನವನ್ನು ತಳವಿಲ್ಲದ ಹಳೆಯ ಬಕೆಟ್ ಹೂತು ಅದರೊಳಗೆ ನೆಡಿ, ಇಲ್ಲದಿದ್ದರೆ ಅದೇ ಇನ್ನೊಂದು ಗರಿಕೆಯಾಗುತ್ತದೆ. ದವನವನ್ನು ಚಳಿ ಆರಂಭವಾದಾಗ, ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಬೇಕು. ಮರುಗ ಒಂದು ಮೂಲೆಯಲ್ಲಿದ್ದರೆ ಮಾಲೆ ಕಟ್ಟುವಾಗ ನಡುನಡುವೆ ಸೇರಿಸಲು ಆಗುತ್ತದೆ. ತೋಟದಂಚು ಇಳಿಜಾರಾಗಿದ್ದರೆ ಅಲ್ಲಿ ಲಾವಂಚದ ಸಾಲು ಮಣ್ಣನ್ನು ಹಿಡಿದಿಡುತ್ತದೆ.

ಮದ್ದಿನ ವಿಚಾರದಲ್ಲಿ ಎಚ್ಚರಿಕೆ ಅಗತ್ಯ. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನ ಬ್ರಾಹ್ಮಿಯೆಂದೇ ಕರೆಯುತ್ತಾರೆ, ಆದರೆ ಇವು ಬೇರೆ ಬೇರೆ ಗಿಡಗಳು. ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದು ಯಕೃತ್ತಿಗೆ ತೊಂದರೆಯಾದ ವರದಿಗಳು 2021ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಶೀತಕ್ಕೆ ದೊಡ್ಡಪತ್ರೆ, ಊಟಕ್ಕೆ ತಂಬುಳಿ ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಡ. ಅದಕ್ಕೂ ಮೀರಿದ ಕಾಯಿಲೆಗೆ ವೈದ್ಯರನ್ನೇ ಕಾಣಬೇಕು. ಕಣಗಿಲೆಯ ಎಲ್ಲ ಭಾಗವೂ ವಿಷ. ಚಿಕ್ಕ ಮಕ್ಕಳಿರುವ, ಕರು ಓಡಾಡುವ ಅಂಗಳದಲ್ಲಿ ಅದನ್ನು ಹಾಕಬಾರದು. ದೇವರಿಗೆ ಅದೇ ಹೂ ಬೇಕೆನ್ನುವವರು ದೂರದ ಬೇಲಿಗೆ ಹಾಕಿಕೊಳ್ಳಲಿ.

ಹಾವಿನ ಭಯ

ಹುಲ್ಲುಹಾಸು ತೆಗೆದು ಗಿಡ ಬೆಳೆಸಿದರೆ ಹಾವು ಬರುತ್ತದೆ ಎಂಬ ಮಾತನ್ನು ಹೆಣ್ಣುಮಕ್ಕಳು ಮುಂದಿಡುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಹಾವು ಹೂವಿನ ಪರಿಮಳಕ್ಕೆ ಬರುವುದಿಲ್ಲ, ಇಲಿ ಮತ್ತು ಕಪ್ಪೆಯನ್ನು ಹುಡುಕಿಕೊಂಡು ಬರುತ್ತದೆ. ಬಂದದ್ದು ಕಾಣದಿರುವುದೇ ಅಪಾಯ. ಆದ್ದರಿಂದ ಗೋಡೆಗೆ ಹೊಂದಿದಂತೆ ಕನಿಷ್ಠ 90 ಸೆಂ.ಮೀ. ಜಾಗವನ್ನು ಏನೂ ನೆಡದೆ ಗುಡಿಸಿ ಇಡಬೇಕು. ಬಾಗಿಲ ಮುಂದೆ ರಂಗೋಲಿಗೆ, ಕಾಳು ಒಣಗಿಸಲು ಬಯಲು ಅಂಗಳ ಹೇಗೂ ಬೇಕು. ದಾರಿ ಒಂದು ಮೀಟರಿಗೆ ಕಡಿಮೆಯಿಲ್ಲದಂತೆ ಅಗಲವಾಗಿರಲಿ. ಮಲ್ಲಿಗೆ ಪೊದೆಗಳ ಕೆಳಗಿನ ಒಂದಡಿ ಎತ್ತರದವರೆಗಿನ ಕೊಂಬೆಗಳನ್ನು ಸವರಿ ಬುಡ ಕಾಣುವಂತೆ ಮಾಡಿ. ತೆಂಗಿನ ಗರಿ, ಸೌದೆ, ಕಲ್ಲಿನ ರಾಶಿಗಳನ್ನು ಮುಂಭಾಗದಲ್ಲಿ ಇಡಬೇಡಿ. ಮುಂಜಾವಿನ ಕತ್ತಲೆಯಲ್ಲಿ ಮೊಗ್ಗು ಬಿಡಿಸಲು ಹೋಗುವವರ ಕೈಯಲ್ಲಿ ಬ್ಯಾಟರಿ ಇರಲಿ.

ಬಚ್ಚಲ ನೀರಿನ ಬಳಕೆ

ನಾಲ್ಕು ಜನರಿರುವ ಮನೆಯ ಸ್ನಾನದ ನೀರೇ ದಿನಕ್ಕೆ 80ರಿಂದ 100 ಲೀಟರ್ ಆಗುತ್ತದೆ. ವಾರಕ್ಕೆ 560 ಲೀಟರಿಗೆ ಕಡಿಮೆಯಿಲ್ಲ ಎಂದಿಟ್ಟುಕೊಂಡರೂ ಮೇಲೆ ಹೇಳಿದ 20 ಪೊದೆಗಿಡಗಳ 400 ಲೀಟರ್ ಇದರಲ್ಲಿಯೇ ನೀಗುತ್ತದೆ. ಬಚ್ಚಲ ನೀರನ್ನು ಮೊದಲು ಕಾಬಾಳೆ ನೆಟ್ಟ ಒಂದು ಸಣ್ಣ ಗುಂಡಿಗೆ ಬಿಟ್ಟು, ಅಲ್ಲಿಂದ ಹೊರಟ ನೀರು ಕಿರುಗಾಲುವೆಯಲ್ಲಿ ದಾಸವಾಳ, ನಂದಿಬಟ್ಟಲು, ಮಲ್ಲಿಗೆಗಳ ಪಾತಿಗೆ ಹೋಗುವಂತೆ ಮಾಡಬೇಕು. ಗುಂಡಿಯ ತಳಕ್ಕೆ ಜಲ್ಲಿ ಮತ್ತು ಮರಳು ಹಾಕಿ, ನೀರು ಮೇಲೆ ನಿಲ್ಲದಂತೆ ನೋಡಿಕೊಳ್ಳಿ. ತೊಟ್ಟಿಯಲ್ಲಿ ತುಂಬಿಟ್ಟು ಮರುದಿನ ಬಳಸುವ ಪದ್ಧತಿ ಬೇಡ. ನೀರು ನಾರುತ್ತದೆ, ಸೊಳ್ಳೆಯೂ ಆಗುತ್ತದೆ.

ಬಟ್ಟೆ ಒಗೆದ ಸೋಡಾ ನೀರನ್ನು, ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲ್ ಬೆರೆತ ನೀರನ್ನು ಯಾವ ಗಿಡಕ್ಕೂ ಬಿಡಬೇಡಿ. ಹಸಿಯಾಗಿ ತಿನ್ನುವ ಒಂದೆಲಗ, ಪುದೀನ, ತುಳಸಿ, ದೊಡ್ಡಪತ್ರೆಗಳಿಗೆ ಸ್ನಾನದ ನೀರೂ ಸಲ್ಲದು, ಅವಕ್ಕೆ ಶುದ್ಧ ನೀರೇ ಆಗಬೇಕು. ಒಂದೇ ಪಾತಿಗೆ ದಿನವೂ ಸೋಪಿನ ನೀರು ಹೋಗದಂತೆ ಸರದಿ ಬದಲಿಸುತ್ತಿದ್ದರೆ, ಮಳೆಗಾಲದಲ್ಲಿ ಮಣ್ಣು ತೊಳೆದುಹೋಗಿ ಉಪ್ಪು ಕೂಡುವುದಿಲ್ಲ.

ಪಾತಿಗಳಿಗೆ ಒಣ ಎಲೆ, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರಿನ ಹೊದಿಕೆಯನ್ನು 5 ಸೆಂ.ಮೀ. ದಪ್ಪಕ್ಕೆ ಹಾಕಿ. ಕಾಂಡಕ್ಕೆ ತಾಗಬಾರದು, ಗೆದ್ದಲಿನ ಕಾರಣಕ್ಕೆ ಮನೆಯ ಗೋಡೆಗೂ ತಾಗಬಾರದು.

ಕೀಟಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ದಾಸವಾಳದ ಹಿಟ್ಟುತಿಗಣೆಗೆ ಜೋರಾಗಿ ನೀರು ಚಿಮ್ಮಿಸಿ, ಹತ್ತಿದ ಕುಡಿಗಳನ್ನು ಕತ್ತರಿಸಿ ಹೂಳುವುದರಿಂದಲೇ ಬಹುಮಟ್ಟಿಗೆ ಹತೋಟಿ ಸಿಗುತ್ತದೆ. ಸೇವಂತಿಗೆಯ ಹೇನಿಗೆ ಬೇವಿನ ಸೋಪಿನ ದ್ರಾವಣ ಸಂಜೆ ಹೊತ್ತು ಸಿಂಪಡಿಸಿ. ಹೂ ಮುಡಿಯುವ, ಎಲೆ ತಿನ್ನುವ ತೋಟವಾದ್ದರಿಂದ ಹೊಲಕ್ಕೆ ತಂದ ಕೀಟನಾಶಕದ ಉಳಿಕೆಯನ್ನು ಇಲ್ಲಿ ಬಳಸಬಾರದು.

ಮಲೆನಾಡು ಮತ್ತು ಕರಾವಳಿಯವರಿಗೆ ಕಾಲ ಬೇರೆ. ಅಲ್ಲಿ ಜೂನ್–ಜುಲೈ ಮಳೆಗೆ ಹೊಸದಾಗಿ ಅಗೆದ ಮಣ್ಣು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಹುಲ್ಲು ತೆಗೆದು ಪೊದೆಗಿಡಗಳನ್ನು ಮಾತ್ರ ಮೊದಲ ಮಳೆಗೆ ನೆಟ್ಟು, ಉಳಿದ ನೆಲಕ್ಕೆ ದಪ್ಪ ಹೊದಿಕೆ ಹಾಕಿ, ಸೆಪ್ಟೆಂಬರ್ ಕೊನೆಯಲ್ಲಿ ಏರುಮಡಿ ಮಾಡಿ ಸಣ್ಣ ಗಿಡಗಳನ್ನು ನೆಡುವುದು ಸೂಕ್ತ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಸಲಹೆ. ನೀರಿನ ಮಿತವ್ಯಯದ ಬಗ್ಗೆ ಸಭೆ ನಡೆಯುವ ಕಚೇರಿಯ ಮುಂದೆಯೇ ತುಂತುರು ನೀರಾವರಿಯಲ್ಲಿ ಹುಲ್ಲು ಬೆಳೆಸಿರುವುದು ಕೆಲವೆಡೆ ಕಾಣುತ್ತದೆ. ರೈತರು ಇದನ್ನು ಗಮನಿಸದೆ ಇರುವುದಿಲ್ಲ. ಅದರಲ್ಲಿ ಒಂದು ಭಾಗವನ್ನು ತೆಗೆದು ಇಂತಹ ತೋಟ ಮಾಡಿ, ವಾರವಾರ ಕೊಟ್ಟ ನೀರಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದಿಟ್ಟರೆ ಪ್ರಾತ್ಯಕ್ಷಿಕೆಯ ತಾಕು ಬೇರೆ ಹುಡುಕಬೇಕಾಗಿಲ್ಲ. ಶಾಲೆಗಳಲ್ಲಿ ಮಾತ್ರ ಮಕ್ಕಳು ಆಡುವ ಹುಲ್ಲುಗಾವಲನ್ನು ಮುಟ್ಟಬೇಡಿ. ಬೀಳುವ ಮಗುವಿಗೆ ಹುಲ್ಲೇ ಮೇಲು.

ಎರಡನೆಯ ವರ್ಷದ ಕೆಲಸಗಳು ಕೆಲವೇ. ನವೆಂಬರ್ ಕೊನೆಯಲ್ಲಿ ದುಂಡುಮಲ್ಲಿಗೆಗೆ ನೀರು ಕಡಿಮೆ ಮಾಡಿ, ನೆಲದಿಂದ 45 ಸೆಂ.ಮೀ. ಎತ್ತರಕ್ಕೆ ಸವರಿ, ಪಾತಿ ಬಿಡಿಸಿ ಗೊಬ್ಬರ ಕೊಟ್ಟರೆ ಮಾರ್ಚ್‌ನಿಂದ ಹೂ ಆರಂಭವಾಗುತ್ತದೆ. ಮಜ್ಜಿಗೆಹುಲ್ಲಿನ ತೆಂಡೆ ದಪ್ಪವಾಗಿದ್ದರೆ ಮಳೆಗಾಲದ ಮೊದಲಲ್ಲಿ ಒಡೆದು ನೆಡಿ. ಗರಿಕೆಯ ಎಸಳು ಎಲ್ಲಿ ಕಂಡರೂ ಅಂದೇ ಬುಡಸಮೇತ ತೆಗೆಯಿರಿ, ಮೇಲೆ ಮಾತ್ರ ಕಿತ್ತರೆ ಪ್ರಯೋಜನವಿಲ್ಲ. ಸಸಿ ಮತ್ತು ಕಡ್ಡಿಗಳು ಬೇಕಾದವರು ತೋಟಗಾರಿಕೆ ಇಲಾಖೆಯ ಹತ್ತಿರದ ಸಸ್ಯಕ್ಷೇತ್ರದಲ್ಲಿ, ಗಿಡಮೂಲಿಕೆಗಳಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಏಪ್ರಿಲ್ ತಿಂಗಳಲ್ಲೇ ವಿಚಾರಿಸಿ ಹೇಳಿಟ್ಟರೆ ಒಳ್ಳೆಯದು. ಮಳೆ ಬಿದ್ದ ಮೇಲೆ ಹೋದವರಿಗೆ ಬೇಕಾದ ಗಿಡ ಸಿಗುವುದು ಕಷ್ಟ.